ಅಳಿಸೋಕೆ ಆಗಲ್ಲ, ಮುಚ್ಚಿಡಬಹುದು: ಹೈವ್‌ನಲ್ಲಿ ಐದು ವರ್ಷ

ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. 2020ರಲ್ಲಿ ಶಾಲೆ, ಕಾಲೇಜು ಎಲ್ಲ ಮುಚ್ಚಿದ್ದವು, ಗಿರಾಕಿಗಳೇ ಇರಲಿಲ್ಲ. ಸುಮ್ನೆ ಕೂರುವ ಬದಲು ಸ್ಕೂಟರ್ ಹತ್ತಿ ಸುತ್ತಲಿನ ಕೆರೆಗಳ ಫೋಟೊ ತೆಗೆಯುತ್ತಿದ್ದೆ. ತೂಬು, ಕೋಡಿ, ನೀರುಗಂಟಿ ಕೆಲಸ ಮಾಡಿದ್ದ ಅಜ್ಜಂದಿರ ಮಾತು, ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬರುವ ನೀರು, ಇದೇ ನನ್ನ ಬರಹ. ಮೊದಲು ಒಂದು ದೊಡ್ಡ ತಾಣದಲ್ಲಿ ಹಾಕುತ್ತಿದ್ದೆ. ಒಂದು ಬೆಳಗ್ಗೆ ನೋಡಿದರೆ ಖಾತೆಯೇ ಇಲ್ಲ. ‘ನಿಯಮ ಮುರಿದಿದ್ದೀರಿ’ ಅಂತ ಒಂದು ಸಾಲು ಮಾತ್ರ. ಯಾವ ನಿಯಮ ಅಂತ ಇವತ್ತಿಗೂ ಗೊತ್ತಿಲ್ಲ.

ಆಗ ಸ್ನೇಹಿತನೊಬ್ಬ “ಹೈವ್‌ಗೆ ಬಾರೋ, ಅಲ್ಲಿ ಬರೆದಿದ್ದನ್ನ ಯಾರೂ ಅಳಿಸೋಕೆ ಆಗಲ್ಲ” ಅಂದ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸೇರಿದೆ. ಅವನು ಹೇಳಿದ್ದು ನಿಜ. ಆದರೆ ಅರ್ಧ ನಿಜ.

ಹೈವ್ ಒಂದು ಕಂಪನಿಯ ತಾಣವಲ್ಲ. ಅದೊಂದು ಬ್ಲಾಕ್‌ಚೈನ್. ಹತ್ತಾರು ಕಡೆ ಒಂದೊಂದು ಪ್ರತಿ ಇಟ್ಟಿರುವ ಲೆಕ್ಕದ ಪುಸ್ತಕ ಅಂದುಕೊಳ್ಳಿ. ಮೂರು ಸೆಕೆಂಡಿಗೊಂದು ಹಾಳೆ ಸೇರುತ್ತದೆ. ಹಾಳೆ ಬರೆಯುವವರಿಗೆ ವಿಟ್ನೆಸ್ ಅನ್ನುತ್ತಾರೆ, ಅವರನ್ನು ಬಳಕೆದಾರರೇ ವೋಟು ಹಾಕಿ ಆರಿಸುತ್ತಾರೆ. ಓದುವುದಕ್ಕೆ ಪೀಕ್‌ಡಿ, ಇಸೆನ್ಸಿ, ಹೈವ್ ಬ್ಲಾಗ್ ಹೀಗೆ ಬೇರೆ ಬೇರೆ ಬಾಗಿಲುಗಳಿವೆ. ಒಂದು ಮುಚ್ಚಿದರೆ ಇನ್ನೊಂದರಲ್ಲಿ ಅದೇ ಬರಹ ಸಿಗುತ್ತದೆ. ಪೋಸ್ಟ್ ಹಾಕಲು ಫೀಸು ಇಲ್ಲ. ನಾನೇ ತಿದ್ದಿದರೂ ಹಳೆಯ ಸಾಲು ಪುಸ್ತಕದಲ್ಲಿ ಹಾಗೇ ಇರುತ್ತದೆ. ಇಷ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದು ವಿಷಯ ಮಾತ್ರ ಯಾರೂ ಮೊದಲು ಹೇಳಲಿಲ್ಲ. ಪುಸ್ತಕಕ್ಕೆ ಸೇರುವುದು ಅಕ್ಷರ ಮಾತ್ರ. ಫೋಟೊಗಳು ಮಾಮೂಲಿ ಸರ್ವರ್‌ನಲ್ಲಿ ಇರುತ್ತವೆ, ಹೋದರೆ ಹೋದವು. ಅದಕ್ಕೇ ನನ್ನ ಕೆರೆಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲೂ ಇವೆ.

ಉಳಿದರ್ಧ ನಿಜ ಗೊತ್ತಾಗಿದ್ದು 2022ರಲ್ಲಿ. ಹೈವ್‌ನಲ್ಲಿ ಬರಹಕ್ಕೆ ಓದುಗರು ವೋಟು ಹಾಕಿದರೆ ಬರೆದವರಿಗೆ ದುಡ್ಡು ಬರುತ್ತದೆ. ಆ ವೋಟಿನ ತೂಕ ನಿಮ್ಮ ಹತ್ತಿರ ಎಷ್ಟು ಹೈವ್ ನಾಣ್ಯ (ಕ್ರಿಪ್ಟೊ) ಕಟ್ಟಿಟ್ಟಿದೆ ಅನ್ನುವುದರ ಮೇಲೆ ನಿಂತಿದೆ. ಜಾಸ್ತಿ ಇರುವವರನ್ನು ಅಲ್ಲಿ ತಿಮಿಂಗಿಲ ಅನ್ನುತ್ತಾರೆ. ನಮ್ಮ ಕಡೆ ಹೇಳುವ ಹಾಗೆ ದೊಡ್ಡ ಕುಳ. ನನ್ನ ಕೆರೆ ಬರಹ ಇಷ್ಟಪಟ್ಟು ವೋಟು ಹಾಕುತ್ತಿದ್ದ ಒಬ್ಬರಿಗೂ ಒಂದು ದೊಡ್ಡ ಕುಳಕ್ಕೂ ಜಗಳ ಬಿತ್ತು. ಯಾಕೆ ಅಂತ ನನಗೆ ಗೊತ್ತಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಹಾಗೆ, ಅವರು ಯಾರಿಗೆಲ್ಲ ವೋಟು ಹಾಕಿದ್ದರೋ ಅವರಿಗೆಲ್ಲ ಡೌನ್‌ವೋಟ್, ಅಂದರೆ ಬರಬೇಕಾದ ದುಡ್ಡು ಇಳಿಸುವ ವೋಟು, ಶುರುವಾಯ್ತು. ನನಗೆ ಹನ್ನೊಂದು ವಾರ. ಹೂಳೆತ್ತುವುದರ ಬಗ್ಗೆ ತಿಂಗಳು ತಿರುಗಾಡಿ ಬರೆದ ಲೇಖನ ಎರಡು ನಿಮಿಷದಲ್ಲಿ ಸೊನ್ನೆ.

ದುಡ್ಡು ಹೋದದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಆದರೆ ಅಂಕ ಕೆಳಗಿಳಿದರೆ ಕೆಲವು ಆ್ಯಪ್‌ಗಳು ಬರಹವನ್ನು ಮಸುಕು ಮಾಡುತ್ತವೆ, ಫೋಟೊ ಮುಚ್ಚುತ್ತವೆ. ಹೊಸಬರು ನೋಡಿದರೆ ಇದೇನೋ ಮೋಸದ ಪೋಸ್ಟ್ ಇರಬೇಕು ಅಂದುಕೊಳ್ಳುತ್ತಾರೆ. ಯಾರೂ ಏನೂ ಅಳಿಸಿಲ್ಲ. ಆದರೂ ಯಾರಿಗೂ ಕಾಣುತ್ತಿಲ್ಲ. ಬಾಯಿ ಮುಚ್ಚಿಸಲು ಇನ್ನೇನು ಬೇಕು?

ಇನ್ನೊಂದು ವಿಚಿತ್ರ ನೋಡಿ. ಮೆಚ್ಚಿ ಪೂರ್ತಿ ವೋಟು ಹಾಕಿದರೆ ನಿಮ್ಮ ವೋಟಿನ ಶಕ್ತಿ ಶೇ. 2ರಷ್ಟು ಇಳಿಯುತ್ತದೆ, ಮತ್ತೆ ತುಂಬಲು ಹೊತ್ತು ಬೇಕು. ಡೌನ್‌ವೋಟಿಗೆ ಮಾತ್ರ ಒಟ್ಟು ಶಕ್ತಿಯ ಕಾಲು ಭಾಗದಷ್ಟು ಪುಕ್ಕಟೆ ಇಟ್ಟಿದ್ದಾರೆ. ಇದು ಬಂದದ್ದು 2019ರ ಆಗಸ್ಟ್‌ನಲ್ಲಿ, ಹೈವ್ ಹುಟ್ಟುವ ಮೊದಲೇ, ಅದರ ತಾಯಿ ಬ್ಲಾಕ್‌ಚೈನ್ ಸ್ಟೀಮ್‌ನಲ್ಲಿ. ಆಗ ವೋಟನ್ನೇ ದುಡ್ಡಿಗೆ ಮಾರುವ ಬಾಟ್‌ಗಳು (ತಾವಾಗಿ ಕೆಲಸ ಮಾಡುವ ಪ್ರೋಗ್ರಾಂಗಳು) ತುಂಬಿದ್ದವು. ಅವನ್ನು ತಡೆಯಲು ಕೈಯಿಂದ ಖರ್ಚು ಮಾಡಿ ಡೌನ್‌ವೋಟ್ ಹಾಕುವವರು ಕಡಿಮೆ. ಅದಕ್ಕೇ ಪುಕ್ಕಟೆ ಕೊಟ್ಟರು. ಉದ್ದೇಶ ತಪ್ಪಲ್ಲ. ಡೌನ್‌ವೋಟೇ ಬೇಡ ಅಂತಲೂ ನಾನು ಹೇಳುವುದಿಲ್ಲ. ನನ್ನದೇ ಬರಹ ಕದ್ದು ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದ ಒಬ್ಬನನ್ನು ಸೊನ್ನೆಗೆ ಇಳಿಸಿದ್ದೂ ಇದೇ ಡೌನ್‌ವೋಟ್. ಅವತ್ತು ನಾನೇ ಖುಷಿಪಟ್ಟಿದ್ದೆ.

ಹಾಗಾದರೆ ಯಾಕೆ ಬಿಟ್ಟು ಹೋಗಲಿಲ್ಲ? ಹೈವ್ ಹುಟ್ಟಿದ ಕಥೆ ಕೇಳಿದ್ದರಿಂದ.

2020ರ ಫೆಬ್ರವರಿಯಲ್ಲಿ ಟ್ರಾನ್ ಅನ್ನುವ ಇನ್ನೊಂದು ಬ್ಲಾಕ್‌ಚೈನ್ ಸ್ಥಾಪಿಸಿದ ಜಸ್ಟಿನ್ ಸನ್, ಸ್ಟೀಮ್ ಹಿಂದಿದ್ದ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಅದರ ಜೊತೆ ಕಂಪನಿ ಶುರುವಿನಲ್ಲೇ ಗುಡ್ಡೆ ಹಾಕಿಕೊಂಡಿದ್ದ ನಾಣ್ಯಗಳೂ ಬಂದವು. ಅವನ್ನು ಅಭಿವೃದ್ಧಿಗೆ ಬಳಸುತ್ತೇವೆ, ವೋಟಿಗಲ್ಲ ಅಂತ ಹಳೆಯ ಮಾತಿತ್ತು. ವಿಟ್ನೆಸ್‌ಗಳು ಹೆದರಿ ಆ ನಾಣ್ಯಗಳಿಗೆ ಬೀಗ ಹಾಕಿದರು. ಮಾರ್ಚ್ 2ಕ್ಕೆ ಆಟ ತಿರುಗಿತು. ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳಾದ ಬೈನಾನ್ಸ್, ಹುವೋಬಿ, ಪೋಲೋನಿಯೆಕ್ಸ್ ತಮ್ಮಲ್ಲಿ ಗಿರಾಕಿಗಳು ಇಟ್ಟಿದ್ದ ನಾಣ್ಯ ಕಟ್ಟಿ ವೋಟು ಹಾಕಿದವು. ವಿಟ್ನೆಸ್‌ಗಳ ಮೇಲಿನ 20 ಜಾಗಕ್ಕೂ ಸನ್ ಕಡೆಯವರೇ ಬಂದು ಕೂತರು. ಬ್ಯಾಂಕಿನಲ್ಲಿಟ್ಟ ನಿಮ್ಮ ದುಡ್ಡು ತೋರಿಸಿ ಮ್ಯಾನೇಜರ್ ಎಲೆಕ್ಷನ್ ಗೆದ್ದ ಹಾಗೆ! ಗಲಾಟೆಯಾದ ಮೇಲೆ ಎಕ್ಸ್‌ಚೇಂಜ್‌ಗಳು ಹಿಂದೆ ಸರಿದವು. ಆದರೂ ನಂಬಿಕೆ ಉಳಿಯಲಿಲ್ಲ. ಮಾರ್ಚ್ 20ಕ್ಕೆ ಬಳಕೆದಾರರು ಇಡೀ ಪುಸ್ತಕದ ನಕಲು ತೆಗೆದುಕೊಂಡು ಬೇರೆ ಮನೆ ಮಾಡಿದರು. ಅದೇ ಹೈವ್. ಎಲ್ಲರ ಖಾತೆಯೂ ಹಾಗೇ ಬಂತು, ಆ ಗುಡ್ಡೆಯನ್ನು ಬಿಟ್ಟು.

ಇದನ್ನು ಬರೀ ವೀರಗಾಥೆ ಮಾಡಿ ಹೇಳುವವರಿದ್ದಾರೆ. ಆದರೆ ಸನ್ ಕಡೆಯವರಿಗೆ ವೋಟು ಹಾಕಿದ್ದ ಕೆಲವು ಖಾತೆಗಳಿಗೂ ಹೈವ್ ಮೊದಲಿಗೆ ನಾಣ್ಯ ಕೊಡಲಿಲ್ಲ. ಅದೂ ಶಿಕ್ಷೆಯೇ ಅಲ್ವಾ? ಮೇ ತಿಂಗಳಲ್ಲಿ ಸ್ಟೀಮ್ ಕಡೆಯವರು ಇನ್ನೂ ಮುಂದೆ ಹೋಗಿ 64 ಖಾತೆಗಳಿಂದ 2.36 ಕೋಟಿ ನಾಣ್ಯ ಕಿತ್ತುಕೊಂಡರು. ಮಾಡಿದ್ದು ಎರಡೂ ಕಡೆ, ಅಳತೆ ಬೇರೆ.

ಆಮೇಲೆ ಹೈವ್ ಕೆಲವು ಬೇಲಿ ಹಾಕಿಕೊಂಡಿತು. 2020ರ ಅಕ್ಟೋಬರ್‌ನಿಂದ, ಹೊಸದಾಗಿ ಕಟ್ಟಿದ ನಾಣ್ಯ 30 ದಿನ ಕಳೆಯುವವರೆಗೂ ವಿಟ್ನೆಸ್ ವೋಟಿಗೆ ಲೆಕ್ಕಕ್ಕಿಲ್ಲ. ರಾತ್ರೋರಾತ್ರಿ ಬಂದು ಕುರ್ಚಿ ಹಿಡಿಯುವ ಹಾಗಿಲ್ಲ. ಕಟ್ಟಿದ್ದನ್ನು ಬಿಡಿಸಿಕೊಳ್ಳಲು 13 ವಾರ ಬೇಕು, ಹಾಳು ಮಾಡಿ ಓಡಿಹೋಗಲೂ ಆಗುವುದಿಲ್ಲ. 2021ರಿಂದ, ಒಂದು ವರ್ಷ ಆಡಳಿತದ ವೋಟು ಮುಟ್ಟದೆ ಸುಮ್ಮನಿದ್ದವರ ವಿಟ್ನೆಸ್ ವೋಟು ತಾನಾಗಿ ಬಿದ್ದುಹೋಗುತ್ತದೆ. ನನ್ನದೂ ಒಮ್ಮೆ ಬಿದ್ದುಹೋಗಿತ್ತು. ಒಂದು ತಿಂಗಳು ಗೊತ್ತೇ ಆಗಿರಲಿಲ್ಲ.

ದೊಡ್ಡ ಕಿಂಡಿ ಹಾಗೇ ಇದೆ. ಒಬ್ಬರು 30 ವಿಟ್ನೆಸ್‌ಗಳಿಗೆ ವೋಟು ಹಾಕಬಹುದು, ಪ್ರತಿಯೊಬ್ಬರಿಗೂ ಪೂರ್ತಿ ತೂಕದಲ್ಲಿ. ಮೇಲಿನ ಜಾಗ 20 ಮಾತ್ರ. ಅಂದರೆ ಸಾಕಷ್ಟು ನಾಣ್ಯ ಇರುವ ಒಬ್ಬನೇ ಎಲ್ಲ ಕುರ್ಚಿ ತುಂಬಬಹುದು. ಇದನ್ನು ಐದೋ ಆರೋ ವೋಟಿಗೆ ಇಳಿಸಿದರೆ ಕಡಿಮೆ ನಾಣ್ಯದವರೂ ಸೇರಿ ಒಂದೆರಡು ಕುರ್ಚಿ ಹಿಡಿಯಬಹುದು. ಡೌನ್‌ವೋಟ್ ದುಡ್ಡಿಗೆ ಮಾತ್ರ ತಾಗಲಿ, ಬರಹ ಮುಚ್ಚುವುದು ಬೇಡ, ಇದು ನನ್ನ ಎರಡನೆಯ ಬೇಡಿಕೆ. ಮುಚ್ಚುವ ಕೆಲಸ ಆ್ಯಪ್‌ನದ್ದಾದ್ದರಿಂದ ಇದಕ್ಕೆ ಬ್ಲಾಕ್‌ಚೈನ್ ಮುಟ್ಟಬೇಕಾಗಿಲ್ಲ.

ಅಮ್ಮನಿಗೆ ಒಮ್ಮೆ ಇದನ್ನೆಲ್ಲ ವಿವರಿಸಲು ಹೋದೆ. ಅವರು ಊರಿನ ಹಾಲಿನ ಡೇರಿಯಲ್ಲಿ ಸದಸ್ಯೆ. “ನಮ್ಮ ಸೊಸೈಟೀಲಿ ಎರಡು ಲೀಟರ್ ಹಾಕೋರಿಗೂ ಒಂದೇ ವೋಟು, ನಲವತ್ತು ಲೀಟರ್ ಹಾಕೋರಿಗೂ ಒಂದೇ ವೋಟು. ನಿಂದು ಎಂಥ ಸೊಸೈಟಿನೋ?” ಅಂದರು. ಡೇರಿ ಸೆಕ್ರೆಟರಿಗೆ ಎಲ್ಲರ ಮುಖ ಗೊತ್ತಮ್ಮ, ಇಲ್ಲಿ ಒಬ್ಬನೇ ನೂರು ಖಾತೆ ತೆರೆಯಬಹುದು, ಅದಕ್ಕೇ ದುಡ್ಡಿನ ಲೆಕ್ಕ ಅಂದೆ. “ಮುಖ ಗೊತ್ತಿಲ್ಲದೋರ ಜೊತೆ ಯಾಕೋ ಸೊಸೈಟಿ ಮಾಡ್ತೀಯ?” ಅಂದರು. ಉತ್ತರ ಹೊಳೆಯಲಿಲ್ಲ, ಕಾಫಿ ಕುಡಿದು ಎದ್ದೆ.

ಎಲ್ಲರೂ ಕೇಳುವ ಪ್ರಶ್ನೆ, “ಏನಣ್ಣ, ದುಡ್ಡು ಬರುತ್ತಾ?” ಬರುತ್ತದೆ, ಕಡಿಮೆ. ಏಳು ದಿನಕ್ಕೆ ಪೋಸ್ಟಿನ ಲೆಕ್ಕ ಮುಗಿಯುತ್ತದೆ. ಅರ್ಧ ನಮಗೆ, ಅರ್ಧ ವೋಟು ಹಾಕಿದವರಿಗೆ. ಐದು ವರ್ಷದಲ್ಲಿ ಹಳೆಯ ಮೊಪೆಡ್ ಒಂದರಷ್ಟು ದುಡ್ಡು ಕೈಗೆ ಬಂದಿದೆ. ಟೊಮೆಟೊ ಹಾಗೇ ಇದರ ರೇಟೂ, ಮಂಡಿಗೆ ಹೋಗುವಷ್ಟರಲ್ಲಿ ಬಿದ್ದಿರುತ್ತದೆ. ಮೇಲೆ 2022ರಿಂದ ಲಾಭಕ್ಕೆ ಶೇ. 30 ತೆರಿಗೆ, ಮಾರುವಾಗ ಶೇ. 1 ಟಿಡಿಎಸ್. ದುಡ್ಡಿಗಾಗಿ ಬರುವವರು ಬರಬೇಡಿ. ಕನ್ನಡದಲ್ಲಿ ಓದುವವರೂ ಬೆರಳೆಣಿಕೆ. ನಾನು ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಹಾಕುತ್ತೇನೆ.

ಹನ್ನೊಂದು ವಾರ ಆದ ಮೇಲೆ ಆ ಕುಳಕ್ಕೆ ಬೇಜಾರಾಯ್ತೋ ಏನೋ, ತಾನಾಗಿ ನಿಂತಿತು. ಹೂಳಿನ ಲೇಖನಕ್ಕೆ ಬಂದದ್ದು ಇವತ್ತಿಗೂ ಸೊನ್ನೆಯೇ. ಆದರೆ ಲೇಖನ ಅಲ್ಲೇ ಇದೆ. ಹೋದ ವರ್ಷ ಒಬ್ಬ ಎಂಜಿನಿಯರಿಂಗ್ ಹುಡುಗ ಪ್ರಾಜೆಕ್ಟಿಗೆ ಅದನ್ನೇ ಪ್ರಿಂಟ್ ಹಾಕಿಸಲು ನನ್ನ ಅಂಗಡಿಗೇ ಬಂದಿದ್ದ, ಬರೆದವನು ನಾನು ಅಂತ ಗೊತ್ತಿಲ್ಲದೆ. ನಾನೂ ಹೇಳಲಿಲ್ಲ. ಪುಟಕ್ಕೆ ಎರಡು ರೂಪಾಯಿ ತಗೊಂಡೆ.

ನನ್ನ ಅಂಕ ಐದಕ್ಕೆ ಮೂರೂವರೆ. ಸೇರುವವರು ಓನರ್ ಕೀ (ಖಾತೆಯ ಒಡೆತನದ ಗುಪ್ತ ಪಾಸ್‌ವರ್ಡ್) ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕಳೆದರೆ ಹೊಸದು ಕೊಡಲು ಯಾವ ಆಫೀಸೂ ಇಲ್ಲ. ಕೈಯಲ್ಲೇ ಬರೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬೇಡಿ, ನನ್ನ ಅಂಗಡಿಯಲ್ಲೂ ಬೇಡ.