ಶ್ರುತಿ ಹೇಳುವ ಡಿಜೆ ಸಾಫ್ಟ್‌ವೇರ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದ ಹಿಂದೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಇದು. ಹೆಸರು ಬೇಡ ಬಿಡಿ. ಟ್ರ್ಯಾಕ್ ಹಾಕಿದರೆ ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಏಟು) ಎಷ್ಟು, ಶ್ರುತಿ ಯಾವುದು ಅಂತ ಹೇಳುತ್ತದೆ. ಶ್ರುತಿಯನ್ನು ಕ್ಯಾಮೆಲಾಟ್ ಚಕ್ರದ ನಂಬರಿನಲ್ಲಿ ಕೊಡುತ್ತದೆ, ಗಡಿಯಾರದ ಹಾಗೆ ಹನ್ನೆರಡು ಮನೆಗಳ ಚಕ್ರ ಅದು. ಎ ಮೈನರ್ ಅಂದರೆ 8ಎ, ಇ ಮೈನರ್ ಅಂದರೆ 9ಎ. ಅದೇ ನಂಬರ್ ಅಥವಾ ಪಕ್ಕದ ನಂಬರಿನ ಟ್ರ್ಯಾಕ್ ಹಾಕಿದರೆ ಎರಡೂ ಕೂಡಿಕೊಳ್ಳುತ್ತವೆ ಎನ್ನುವುದು ಲೆಕ್ಕ. ಸಂಗೀತ ಕಲಿಯದ ನನಗೆ ಇಷ್ಟೇ ಸಾಕು ಅನ್ನಿಸಿತ್ತು.

ಮೊದಲ ವರ್ಷ ಬರೀ ನಂಬರ್ ನೋಡಿ ಟೆಕ್ನೋ (ಒಂದೇ ಸಮ ಬಡಿತದ ಎಲೆಕ್ಟ್ರಾನಿಕ್ ಸಂಗೀತ) ಮಿಕ್ಸ್ ಮಾಡಿದೆ, ಅಂದರೆ ಒಂದು ಟ್ರ್ಯಾಕ್ ಮೇಲೆ ಇನ್ನೊಂದನ್ನು ಸೇರಿಸಿದೆ. ಒಂದು ದಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿದರು, "ಏನೋ ಇದು, ಶ್ರುತಿನೇ ಸೇರ್ತಿಲ್ವಲ್ಲೋ." ಅಮ್ಮ ಭಜನೆಗೆ ಹಾರ್ಮೋನಿಯಂ ನುಡಿಸುವವರು. ನನ್ನ ಟೆಕ್ನೋ ಅವರಿಗೆ ಮಿಕ್ಸಿ ಸದ್ದಿಗೆ ಸಮ. ಆದರೆ ಸ್ಕ್ರೀನ್ ಮೇಲೆ ಎರಡೂ 8ಎ!

ತಪ್ಪು ಎಲ್ಲಿ ಅಂತ ಗೊತ್ತಾಗಲು ವಾರ ಹಿಡಿಯಿತು. ಒಂದು ಟ್ರ್ಯಾಕ್ 128, ಇನ್ನೊಂದು 132. ಮೊದಲನೆಯದನ್ನು 132ಕ್ಕೆ ಏರಿಸಿದ್ದೆ, ಅಂದರೆ ಸುಮಾರು ಶೇಕಡಾ 3. ವೇಗ ಹೆಚ್ಚು ಕಡಿಮೆ ಶೇಕಡಾ 6 ಏರಿದರೆ ಶ್ರುತಿ ಒಂದು ಸೆಮಿಟೋನ್ ಮೇಲೆ ಹೋಗುತ್ತದೆ, ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಹೋದ ಹಾಗೆ. ಶೇಕಡಾ 3 ಅಂದರೆ ಎರಡು ಮನೆಗಳ ನಡುವೆ. ಹಾರ್ಮೋನಿಯಂನಲ್ಲಿ ಆ ಸ್ವರವೇ ಇಲ್ಲ.

ಕೀ ಲಾಕ್ ಒತ್ತಬಹುದಲ್ಲ ಅಂತೀರಿ. ಅದನ್ನು ಒತ್ತಿದರೆ ವೇಗ ಬದಲಾದರೂ ಶ್ರುತಿ ಇದ್ದಲ್ಲೇ ನಿಲ್ಲುತ್ತದೆ, ನಿಜ. ಆದರೆ ಜಾಸ್ತಿ ಎಳೆದರೆ ದೊಡ್ಡ ಡ್ರಮ್ಮಿನ ಧಂ ಸದ್ದಾದ ಕಿಕ್‌ನ ಏಟು ಮೆತ್ತಗಾಗುತ್ತದೆ. ಹೆಡ್‌ಫೋನ್‌ನಲ್ಲಿ ತಿಳಿಯಲ್ಲ, ದೊಡ್ಡ ಸಬ್‌ವೂಫರ್ ಮುಂದೆ ನಿಂತರೆ ಹೊಟ್ಟೆಗೇ ತಿಳಿಯುತ್ತದೆ. ಟೆಕ್ನೋದಲ್ಲಿ ಕಿಕ್ ಹೋದ ಮೇಲೆ ಇನ್ನೇನಿದೆ?

ಈಗ ನಾನು ಮೊದಲು ನೋಡುವುದು ಬಿಪಿಎಂ, ಆಮೇಲೆ ಶ್ರುತಿ. ಎರಡು ಟ್ರ್ಯಾಕ್‌ಗಳ ಮೂಲ ವೇಗ ಹತ್ತಿರ ಇದ್ದರೆ ಎರಡನ್ನೂ ಎಷ್ಟು ಏರಿಸಿದರೂ ಚಿಂತೆಯಿಲ್ಲ. 130ರ ಎರಡನ್ನು 134ಕ್ಕೆ ಒಯ್ದರೆ ಎರಡರ ಶ್ರುತಿಯೂ ಅಷ್ಟೇ ಏರುತ್ತದೆ, ಜೊತೆ ಬಿಡುವುದಿಲ್ಲ. ಇನ್ನೊಂದು ದಾರಿ, ಒಂದನ್ನೇ ಪೂರ್ತಿ ಶೇಕಡಾ 6 ಏರಿಸುವುದು. ಆಗ 8ಎ ಹೋಗಿ 3ಎ ಆಗುತ್ತದೆ, ಚಕ್ರದಲ್ಲಿ ಏಳು ಮನೆ ಮುಂದೆ. ಇದು ಮ್ಯಾನ್ಯುಯಲ್‌ನಲ್ಲಿ ಇರಲಿಲ್ಲ.

ಶ್ರುತಿ ಹುಡುಕುವುದರಲ್ಲಿ ಇದು ಎಡವುವುದು ಬರೀ ಡ್ರಮ್ ಇರುವ ಟ್ರ್ಯಾಕ್‌ನಲ್ಲಿ. ಕಿಕ್, ಹೈ ಹ್ಯಾಟ್, ಒಂದು ಗುಂಯ್ ಸದ್ದು, ಅಷ್ಟರಲ್ಲೇ ಏನೋ ಒಂದು ನಂಬರ್ ಕೊಟ್ಟುಬಿಡುತ್ತದೆ. ಗೊತ್ತಾಗಲಿಲ್ಲ ಅಂತ ಒಪ್ಪಿಕೊಳ್ಳುವ ಜಾಯಮಾನವೇ ಇಲ್ಲ. ಅದಕ್ಕೆ ಅದೇ ಫೈಲನ್ನು ಮಿಕ್ಸ್ ಎನ್ನುವ ಉಚಿತ ಸಾಫ್ಟ್‌ವೇರ್‌ಗೂ (ಕೊನೆಗೆ ಮೂರು ಎಕ್ಸ್ ಇರುವುದು) ಹಾಕಿ ನೋಡುತ್ತೇನೆ. ರಾಗ ಇರುವ ಟ್ರ್ಯಾಕ್‌ಗೆ ಸಾಮಾನ್ಯವಾಗಿ ಎರಡೂ ಒಂದೇ ಉತ್ತರ ಕೊಡುತ್ತವೆ. ಉತ್ತರ ಬೇರೆ ಬಂತೋ, ಕಿವಿಗೊಟ್ಟು ಕೇಳುತ್ತೇನೆ. ಸ್ವರವೇ ಸಿಗದಿದ್ದರೆ ನಂಬರ್ ಅಳಿಸಿ ಗೀಟು ಎಳೆಯುತ್ತೇನೆ. ಅಂಥವು ಯಾವುದರ ಜೊತೆಗೂ ಹೋಗುತ್ತವೆ. ಎರಡು ಶ್ರುತಿಗಳ ನಡುವೆ ಸೇತುವೆಗೆ ಅವೇ ಬೇಕು.

ಬಿಪಿಎಂ ವಿಷಯದಲ್ಲಿ ದೂರು ಕಡಿಮೆ. 140ನ್ನು 70 ಅಂತ ಓದುತ್ತಿತ್ತು, ರೇಂಜ್ ಸೆಟ್ ಮಾಡಿದ ಮೇಲೆ ಸರಿಹೋಯಿತು. ವಿನೈಲ್‌ನಿಂದ ಇಳಿಸಿಕೊಂಡ ಹಳೆಯ ಟ್ರ್ಯಾಕ್‌ಗಳಲ್ಲಿ ಮಾತ್ರ ಗ್ರಿಡ್ (ಏಟುಗಳಿಗೆ ಸಾಫ್ಟ್‌ವೇರ್ ಹಾಕುವ ಗೆರೆಗಳು) ನಿಧಾನಕ್ಕೆ ಜಾರುತ್ತದೆ. ತಾನೇ ತಾಳ ಹೊಂದಿಸುವ ಸಿಂಕ್ ನಂಬಿ ಕೂತರೆ ಎರಡು ನಿಮಿಷದಲ್ಲಿ ಕಿಕ್‌ಗಳು ಕುದುರೆ ಓಡಿದ ಹಾಗೆ ಕೇಳಿಸುತ್ತವೆ. ಟ್ರ್ಯಾಕನ್ನು ಹಿಂದೆ ಮುಂದೆ ತಳ್ಳುವ ಜಾಗ್ ವೀಲ್ ಮೇಲೆ ಕೈ ಇರಲೇಬೇಕು.

ವೇಗಕ್ಕೆ ಐದರಲ್ಲಿ ನಾಲ್ಕೂವರೆ, ಶ್ರುತಿಗೆ ಮೂರು. ಮೆಲೋಡಿಕ್ ಟೆಕ್ನೋ ಹಾಕುವವರು ಕೊಳ್ಳಬಹುದು. ಹೊಸ ಆವೃತ್ತಿಗೆ ಮತ್ತೆ ದುಡ್ಡು ಕೇಳಿದ್ದಾರೆ, ನಾನು ಕೊಟ್ಟಿಲ್ಲ.