ಎಸ್‌ಕ್ಯೂಎಲ್ ಕಲಿಕೆ: ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಪೈಕಿ ಯಾವುದು ಮೊದಲು?

ಎಸ್‌ಕ್ಯೂಎಲ್ ಎಂದರೆ ಡೇಟಾಬೇಸ್‌ನ ಮಾಹಿತಿ ಹುಡುಕುವ, ಬದಲಿಸುವ ಭಾಷೆ. ಈ ಮೂರೂ ಅದನ್ನು ಬಳಸುವ ಡೇಟಾಬೇಸ್ ತಂತ್ರಾಂಶಗಳು. ಇವತ್ತೇ ಮೊದಲ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆಯಬೇಕೆಂದರೆ ಎಸ್‌ಕ್ಯೂಲೈಟ್ ಆರಿಸಿಕೊಳ್ಳಿ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ. ಇಡೀ ಡೇಟಾಬೇಸ್ ಒಂದೇ ಫೈಲ್. ಎಡವಟ್ಟಾದರೆ ಫೈಲ್ ಅಳಿಸಿ ಮತ್ತೆ ಶುರು ಮಾಡಬಹುದು. ಆದರೆ ಇದರ ಸಡಿಲತನ ತಪ್ಪನ್ನು ಮುಚ್ಚಿಡುತ್ತದೆ. ವಯಸ್ಸಿನ ಕಾಲಂ ಇಂಟಿಜರ್ (ಪೂರ್ಣಾಂಕ) ಎಂದು ಬರೆದಿದ್ದರೂ 'ಹತ್ತೊಂಬತ್ತು' ಎಂಬ ಪದವನ್ನು ಸುಮ್ಮನೆ ಸೇರಿಸಿಕೊಳ್ಳುತ್ತದೆ. ಟೇಬಲ್ ರಚಿಸುವಾಗ ಕೊನೆಯಲ್ಲಿ 'ಸ್ಟ್ರಿಕ್ಟ್' ಸೇರಿಸಿದರೆ ತಡೆಯುತ್ತದೆ. ಫಾರಿನ್ ಕೀ ತಪಾಸಣೆಯೂ (ಒಂದು ಟೇಬಲ್ ಉಲ್ಲೇಖಿಸುವ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂಬ ಪರೀಕ್ಷೆ) ಸಾಮಾನ್ಯವಾಗಿ ಆಫ್ ಇರುತ್ತದೆ, ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಎಂಬ ಸೆಟ್ಟಿಂಗ್ ಕಮಾಂಡ್ ಕೊಟ್ಟು ಆನ್ ಮಾಡಬೇಕು. ಇಲ್ಲದಿದ್ದರೆ ಇಲ್ಲದ ವಿದ್ಯಾರ್ಥಿಗೂ ಅಂಕ ದಾಖಲಾಗುತ್ತದೆ.

ಪೋಸ್ಟ್‌ಗ್ರೆಸ್ ಕಟ್ಟುನಿಟ್ಟು, ಕಲಿಯುವವರಿಗೆ ಅದೇ ಲಾಭ. ಪಠ್ಯಕ್ಕೆ ಒಂಟಿ ಉದ್ಧರಣ ಚಿಹ್ನೆಯೇ ಬೇಕು. ಜೋಡಿ ಹಾಕಿದರೆ ಅದನ್ನು ಕಾಲಂ ಹೆಸರೆಂದು ತಿಳಿದು 'ಅಂಥ ಕಾಲಂ ಇಲ್ಲ' ಎನ್ನುತ್ತದೆ. 'ಬಿಗಿನ್' ಕೊಟ್ಟು ಟೇಬಲ್ ಡ್ರಾಪ್ ಮಾಡಿದರೂ (ಅಳಿಸಿದರೂ) ಬದಲಾವಣೆ ರದ್ದು ಮಾಡುವ 'ರೋಲ್‌ಬ್ಯಾಕ್'ನಿಂದ ಮರಳಿ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಬಾರದು, ಅಲ್ಲಿ ಡ್ರಾಪ್ ತಾನಾಗಿಯೇ ಕಮಿಟ್ (ಕಾಯಂ) ಆಗುತ್ತದೆ.

ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡಕ್ಕೂ ಸರ್ವರ್ ಓಡುತ್ತಿರಬೇಕು. ಕನೆಕ್ಟ್ ಆಗದಿದ್ದರೆ ಮೊದಲು ಸರ್ವಿಸ್ ಚಾಲೂ ಇದೆಯೇ ನೋಡಿ, ಆಮೇಲೆ ಪೋರ್ಟ್ (ಸರ್ವರ್ ಕನೆಕ್ಷನ್‌ಗೆ ಬಳಸುವ ಸಂಖ್ಯೆ): ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ಎರಡು ಮೈಎಸ್‌ಕ್ಯೂಎಲ್ ಒಂದೇ ಪೋರ್ಟ್‌ನಲ್ಲಿ ಓಡಲು ಹೋದರೆ ಜಗಳ ಖಂಡಿತ.

ಪಠ್ಯಕ್ರಮದಲ್ಲಿ ಮೈಎಸ್‌ಕ್ಯೂಎಲ್ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಜಾಯಿನ್ (ಟೇಬಲ್‌ಗಳನ್ನು ಜೋಡಿಸುವುದು), ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವುದು) ಕೈಗೆ ಹತ್ತುವವರೆಗೆ ಎಸ್‌ಕ್ಯೂಲೈಟ್, ನಂತರ ಪೋಸ್ಟ್‌ಗ್ರೆಸ್. ಯಾವುದೇ ಆದರೂ ಅಪ್‌ಡೇಟ್‌ಗೆ ಮುನ್ನ ಅದೇ 'ವೇರ್' ಷರತ್ತಿನಿಂದ ಸೆಲೆಕ್ಟ್ ಮಾಡಿ ಸಾಲುಗಳನ್ನು ಎಣಿಸಿ.