ಹೊಟ್ಟೆ, ಚರ್ಮ ಸೂಕ್ಷ್ಮವಾದ ನಾಯಿಮರಿಗೆ ಯಾವ ಊಟ?

ಮರಿ ರಾತ್ರಿಯಿಡೀ ಪಾದ ನೆಕ್ಕುತ್ತಾ, ಬೆಳಿಗ್ಗೆ ನೀರು ನೀರಾಗಿ ಭೇದಿ ಮಾಡಿದರೆ ಕರುಳು ಚುರ್ ಅನ್ನುತ್ತದೆ, ಅಲ್ವಾ? ಮೊದಲು ಜಂತುಹುಳು, ಚಿಗಟ ಇಲ್ಲವೆಂದು ಡಾಕ್ಟರ್ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಊಟದ ಮಾತು.

ತೊಂದರೆ ಸ್ವಲ್ಪವೇ ಇದ್ದರೆ ಒಂದೇ ಬಗೆಯ ಮಾಂಸದ ಆಹಾರ ಸಾಕಾಗಬಹುದು. ಮರಿ ಈವರೆಗೆ ತಿನ್ನದ ಮಾಂಸವಾಗಿರಬೇಕು. ಕೋಳಿ ತಿಂದು ತುರಿಸಿಕೊಳ್ಳುವ ಮರಿಗೆ ಮೀನಿನದು ಕೊಟ್ಟು ನೋಡಬಹುದು. ಆದರೆ ಚೀಲದ ಹಿಂಬದಿ ಓದಿ. ಮುಂದೆ ದೊಡ್ಡದಾಗಿ 'ಮೀನು' ಎಂದಿದ್ದರೂ ಹಿಂದೆ ಸಣ್ಣಕ್ಷರದಲ್ಲಿ ಕೋಳಿ ಕೊಬ್ಬು ಇರಬಹುದು.

ಹೈಡ್ರೊಲೈಸ್ಡ್ ಆಹಾರದಲ್ಲಿ ಪ್ರೋಟೀನನ್ನು ಚಿಕ್ಕ ಚಿಕ್ಕ ತುಣುಕಾಗಿ ಒಡೆದಿರುತ್ತಾರೆ. ಹಾಗಾಗಿ ದೇಹ ಅದನ್ನು ಗುರುತು ಹಿಡಿದು ಕೆರಳುವುದು ಕಡಿಮೆ. ಬೆಲೆ ಜಾಸ್ತಿ, ಡಾಕ್ಟರ್ ಸಲಹೆಯೂ ಬೇಕು. ಆದರೂ ಭೇದಿ, ತುರಿಕೆ ಎರಡೂ ಜೋರಾಗಿದ್ದರೆ ನನ್ನ ಆಯ್ಕೆ ಇದೇ. ಸುಮ್ನೆ ನಾಲ್ಕೈದು ಚೀಲ ಬದಲಿಸಿ ಮರಿಯನ್ನು ಗೋಳಾಡಿಸಬೇಡಿ.

ಮನೆಯಲ್ಲೇ ಬೇಯಿಸುವುದಾ? ಬರೀ ಮಾಂಸದಲ್ಲಿ ಬೆಳೆಯುವ ಮೂಳೆಗೆ ಬೇಕಾದಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ.

ಯಾವುದೇ ಆಗಲಿ, ಮರಿಗಳಿಗೆಂದೇ ಮಾಡಿದ್ದಿರಲಿ. 7ರಿಂದ 10 ದಿನಗಳಲ್ಲಿ ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ಬದಲಿಸಿ. ಹೊಟ್ಟೆ 2-3 ವಾರದಲ್ಲಿ ಸುಧಾರಿಸಬಹುದು, ಚರ್ಮಕ್ಕೆ 8 ವಾರವಾದರೂ ಬೇಕು. ಅಷ್ಟು ದಿನ ಬೇರೆ ಒಂದು ಬಿಸ್ಕತ್ತೂ ಬೇಡ.